ಹುಲಿ ಕಳಕೊಂಡು ಮತ್ತೆ ಹುಲಿ ತಂದ ಕಾಡು - ಪನ್ನಾ

 

ನಮ್ಮ ಕಡೆ ಹುಲಿ ಅಂದರೆ ಎರಡೇ ಮಾತು. ಒಂದು, ಅದು ಮಾದಪ್ಪನ ವಾಹನ, ಕೈ ಮುಗಿ. ಇನ್ನೊಂದು, ನೆನ್ನೆ ರಾತ್ರಿ ಯಾರ ಹಸು ಹಿಡೀತು? ಕಾಡಂಚಿನ ಊರು ನಮ್ಮದು, ಹೊಸದೇನಲ್ಲ. ಆದರೆ ಇದ್ದಬದ್ದ ಹುಲಿಗಳನ್ನೆಲ್ಲ ಕಳೆದುಕೊಂಡು, ಆಮೇಲೆ ಬೇರೆ ಕಾಡಿನಿಂದ ಹುಲಿ ಹೊತ್ತು ತಂದು ಬಿಟ್ಟ ಜಾಗ ಒಂದಿದೆ. ಅದು ಮಧ್ಯಪ್ರದೇಶದ ಪನ್ನಾ. ನನ್ನ ಸೋದರಮಾವ ಸೈನ್ಯದಲ್ಲಿದ್ದಾರೆ, ಈಗ ಝಾನ್ಸಿಯಲ್ಲಿ. 2025ರ ದಸರಾ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ ಖಜುರಾಹೋ ದೇವಸ್ಥಾನಗಳನ್ನೂ ಪನ್ನಾ ಕಾಡನ್ನೂ ತೋರಿಸಿದರು. ದೇವಸ್ಥಾನದ ಬಗ್ಗೆ ಮುಂದಿನ ಸಂಚಿಕೆಗೆ ಬರೆಯುತ್ತೇನೆ. ಇದು ಕಾಡಿನ ವಿಷಯ.

ಊರಿಗೆ ಬಂದು ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಕೇಳಿದರು: "ಅಲ್ಲ ಕಲಾ ಮಗ, ಉಲಿ ಇಲ್ದೆ ನೆಮ್ಮದಿಯಾಗಿದ್ದ ಕಾಡ್ಗೆ ದುಡ್ಡು ಕರ್ಚ್ ಮಾಡಿ ಉಲಿ ತಂದ್ ಬುಟ್ರಾ? ಅಲ್ಲಿ ಜನ ಇಲ್ವಾ, ದನಕರ ಇಲ್ವಾ?" ಈ ಪ್ರಶ್ನೆ ನಿಮಗೂ ಬಂದಿರಬಹುದು. ಉತ್ತರ ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ. ಮೊದಲು ಕತೆ ಕೇಳಿ.

ಪನ್ನಾ ಇರುವುದು ವಿಂಧ್ಯ ಬೆಟ್ಟಗಳ ಸಾಲಿನಲ್ಲಿ, ಪನ್ನಾ ಮತ್ತು ಛತರ್‌ಪುರ ಜಿಲ್ಲೆಗಳಿಗೆ ಸೇರಿದಂತೆ. ನೆಲದಲ್ಲಿ ವಜ್ರ ಸಿಗುವ ಊರು ಅಂತ ಸಮಾಜ ಪಾಠದಲ್ಲಿ ಓದಿದ್ದೇವಲ್ಲ, ಅದೇ ಪನ್ನಾ. 1981ರಲ್ಲಿ ಇದು ರಾಷ್ಟ್ರೀಯ ಉದ್ಯಾನ ಆಯಿತು, 1994ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಉದ್ಯಾನದ ವಿಸ್ತೀರ್ಣ ಸುಮಾರು 543 ಚದರ ಕಿಲೋಮೀಟರ್. ಕೇನ್ ಎಂಬ ನದಿ ಕಾಡಿನ ಮಧ್ಯೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅದರಲ್ಲಿ ನಮ್ಮ ಕಾವೇರಿಯಲ್ಲಿರುವಂಥ ಮೊಸಳೆಯೂ ಇದೆ, ಉದ್ದ ಕೊಕ್ಕಿನಂಥ ಮೂತಿಯ ಘರಿಯಾಲ್ ಮೊಸಳೆಯೂ ಇದೆ. ಕಾಡು ಬಂಡೀಪುರದಂತೆಯೇ ಒಣ ಕಾಡು. ತೇಗ, ಹಿಪ್ಪೆ, ಕಗ್ಗಲಿ, ಬೀಡಿ ಎಲೆಯ ಮರ. ಆದರೆ ನೆಲ ಮಾತ್ರ ಬೇರೆ ಥರ. ಮೆಟ್ಟಿಲು ಮೆಟ್ಟಿಲಾಗಿ ಚಪ್ಪಟೆ ಬೆಟ್ಟಗಳು, ನಡುವೆ ದಿಢೀರನೆ ಆಳವಾದ ಕಂದಕ. ಆ ಕಂದಕದ ಬಂಡೆಗಳಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ.

ಈ ಕಾಡಿನಲ್ಲಿ ಮೂವತ್ತರ ಆಸುಪಾಸು ಹುಲಿ ಇವೆ ಅಂತ ಬಹಳ ದಿನ ಲೆಕ್ಕ ಹೇಳುತ್ತಿದ್ದರು. ಲೆಕ್ಕ ಹೇಗೆ? ನೆಲದ ಮೇಲಿನ ಹೆಜ್ಜೆ ಗುರುತು ನೋಡಿ, ಗಾಜಿನ ಮೇಲೆ ಗೆರೆ ಎಳೆದುಕೊಂಡು, ಇದು ಒಂದು ಹುಲಿ, ಅದು ಇನ್ನೊಂದು ಹುಲಿ ಅನ್ನುವುದು. ಒಂದೇ ಹುಲಿ ಕೆಸರಿನಲ್ಲಿ ಹೆಜ್ಜೆ ಇಟ್ಟರೆ ದೊಡ್ಡದಾಗಿ ಕಾಣುತ್ತದೆ, ಗಟ್ಟಿ ಮಣ್ಣಿನಲ್ಲಿ ಇಟ್ಟರೆ ಚಿಕ್ಕದಾಗಿ ಕಾಣುತ್ತದೆ. ಬೇಕಾದರೆ ಮಳೆ ಬಂದ ದಿನ ನಿಮ್ಮ ಮನೆ ನಾಯಿಯ ಹೆಜ್ಜೆಯನ್ನೇ ನೋಡಿ. ಹೀಗೆ ಒಂದು ಹುಲಿ ಕಾಗದದಲ್ಲಿ ಎರಡು ಮೂರು ಆಗಬಹುದು. ಪಟ್ಟೆಯಾದರೆ ಹಾಗಲ್ಲ, ನಮ್ಮ ಹೆಬ್ಬೆಟ್ಟಿನ ಗೆರೆಯಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಮರಕ್ಕೆ ಕ್ಯಾಮೆರಾ ಕಟ್ಟಿ ಪಟ್ಟೆಯ ಫೋಟೋದಿಂದ ಹುಲಿಗಳನ್ನು ಲೆಕ್ಕ ಹಾಕುವ ಕ್ರಮವನ್ನು 1990ರ ದಶಕದ ಮೊದಲಲ್ಲೇ ನಮ್ಮ ನಾಗರಹೊಳೆಯಲ್ಲಿ ಮಾಡಿ ತೋರಿಸಿದವರು ವಿಜ್ಞಾನಿ ಕೆ. ಉಲ್ಲಾಸ ಕಾರಂತರು. (ಶಿವರಾಮ ಕಾರಂತರ ಮಗ.)

ಪನ್ನಾದಲ್ಲಿ ರಘು ಚುಂಡಾವತ್ ಎಂಬ ಇನ್ನೊಬ್ಬ ವಿಜ್ಞಾನಿ 1996ರಿಂದ ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿ ಅಧ್ಯಯನ ಮಾಡುತ್ತಿದ್ದರು. ತಾವು ಬಲ್ಲ ಹುಲಿಗಳು ಒಂದೊಂದೇ ಕಾಣೆಯಾಗುತ್ತಿವೆ ಅಂತ ಅವರು ಎಚ್ಚರಿಸಿದರು. ಆಗಿನ ಅಧಿಕಾರಿಗಳು ಒಪ್ಪಲಿಲ್ಲ. ಇವೆ, ಎಲ್ಲಾ ಸರಿಯಾಗಿದೆ ಅಂದರು. ಅತ್ತ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಒಂದು ಹುಲಿಯೂ ಉಳಿದಿಲ್ಲ ಅಂತ 2005ರಲ್ಲಿ ಬಯಲಾಗಿ ದೇಶವೆಲ್ಲ ಗದ್ದಲ ಆಗಿತ್ತು. ಆದರೂ ಪನ್ನಾದವರು ಎಚ್ಚೆತ್ತುಕೊಳ್ಳಲಿಲ್ಲ. ಉರುಳು, ಕಬ್ಬಿಣದ ಕತ್ತರಿ, ವಿಷ - ಕಳ್ಳಬೇಟೆಗೆ ನೂರು ದಾರಿ. ಹುಲಿಯ ಚರ್ಮಕ್ಕೂ ಮೂಳೆಗೂ ಹೊರದೇಶದಲ್ಲಿ ದುಡ್ಡು. ಮೊದಲು ಹೆಣ್ಣುಗಳು ಹೋದವು. ಕೊನೆಗೆ ಉಳಿದದ್ದು ಒಂದೇ ಗಂಡು.

ಇಲ್ಲಿಂದ ಕತೆ ಸಿನಿಮಾದಂತಿದೆ. ಉಳಿದ ಆ ಒಂದು ಗಂಡಿಗೆ ಜೊತೆ ಮಾಡೋಣ ಅಂತ 2009ರ ಮಾರ್ಚ್‌ನಲ್ಲಿ ಎರಡು ಹೆಣ್ಣು ಹುಲಿ ತಂದರು. ಒಂದನ್ನು ಬಾಂಧವಗಢದಿಂದ ರಸ್ತೆ ಮೇಲೆ, ಇನ್ನೊಂದನ್ನು ಕಾನ್ಹಾದಿಂದ ವಾಯುಸೇನೆಯ ಹೆಲಿಕಾಪ್ಟರಿನಲ್ಲಿ. ಹೆಣ್ಣು ಮನೆ ತುಂಬಿಸಿಕೊಂಡ ಮೇಲೆ ನೋಡಿದರೆ ಗಂಡೇ ಇಲ್ಲ! ಆ ವರ್ಷದ ಜನವರಿಯ ಮೇಲೆ ಅದನ್ನು ಯಾರೂ ಕಂಡಿರಲಿಲ್ಲ. ಅಂದರೆ ಪನ್ನಾದ ಸ್ವಂತ ಹುಲಿ ಪೂರ್ತಿ ಮುಗಿದಿತ್ತು. ನಗು ಬರುತ್ತದೆ, ಆದರೆ ಯೋಚನೆ ಮಾಡಿದರೆ ನಗುವ ವಿಷಯವಲ್ಲ.

ಆ ವರ್ಷ ಪನ್ನಾಕ್ಕೆ ಕ್ಷೇತ್ರ ನಿರ್ದೇಶಕರಾಗಿ ಬಂದವರು ಆರ್. ಶ್ರೀನಿವಾಸ ಮೂರ್ತಿ ಎಂಬ ಅಧಿಕಾರಿ. ನವೆಂಬರಿನಲ್ಲಿ ಪೆಂಚ್ ಕಾಡಿನಿಂದ ಒಂದು ಗಂಡು ಹುಲಿ ತರಿಸಿದರು. ಹೆಣ್ಣುಗಳಿಗೆ ಟಿ-1, ಟಿ-2 ಅಂತ ಹೆಸರು, ಗಂಡಿಗೆ ಟಿ-3. ಸ್ವಲ್ಪ ದಿನ ಬೇಲಿಯೊಳಗೆ ಇಟ್ಟು ಹೊರಗೆ ಬಿಟ್ಟರು. ಟಿ-3 ಏನು ಮಾಡಿತು ಗೊತ್ತೆ? ಹೆಣ್ಣುಗಳ ಕಡೆ ತಿರುಗಿಯೂ ನೋಡದೆ ದಕ್ಷಿಣಕ್ಕೆ ನಡೆಯಿತು. ದಕ್ಷಿಣದಲ್ಲಿ ಏನಿದೆ? ಪೆಂಚ್ ಇದೆ, ಅದರ ತವರು! ಸಂತೆಯಲ್ಲಿ ಮಾರಿದ ಎತ್ತು ಹಗ್ಗ ಕಿತ್ತುಕೊಂಡು ಹಳೇ ಕೊಟ್ಟಿಗೆಗೆ ವಾಪಸ್ಸು ಬರುವುದನ್ನು ನಾವು ನೋಡಿಲ್ಲವೇ? ಹಾಗೇ. ಆದರೆ ಹುಲಿಯನ್ನು ಲಾರಿಯಲ್ಲಿ ಮಲಗಿಸಿ ತಂದಿದ್ದರು, ದಾರಿ ನೋಡಿರಲಿಲ್ಲ. ಆದರೂ ದಿಕ್ಕು ಗೊತ್ತಿತ್ತು. ನನಗೆ ಈಗಲೂ ಆಶ್ಚರ್ಯ ಅದೇ.

ಅದು ಊರುಗಳ ಪಕ್ಕ, ಹೊಲಗಳ ನಡುವೆ, ರಸ್ತೆ ದಾಟಿ, ಸುಮಾರು ಒಂದು ತಿಂಗಳು ನೂರಾರು ಕಿಲೋಮೀಟರ್ ಹೋಯಿತು. ಅದರ ಹಿಂದೆ 70 ಜನ ಸಿಬ್ಬಂದಿ, 4 ಆನೆ. ಹಗಲು ರಾತ್ರಿ, ಡಿಸೆಂಬರ್ ಚಳಿಯಲ್ಲಿ. ಕೊನೆಗೆ 2009ರ ಡಿಸೆಂಬರ್ 25ರಂದು ದಮೋಹ್ ಜಿಲ್ಲೆಯಲ್ಲಿ ಅರಿವಳಿಕೆ ಚುಚ್ಚುಮದ್ದು ಹೊಡೆದು ಹಿಡಿದು ವಾಪಸ್ಸು ತಂದರು. ಈ ಸಲ ಅದು ಮತ್ತೆ ಓಡಬಾರದು ಅಂತ ಹೆಣ್ಣು ಹುಲಿಯ ಮೂತ್ರ ತಂದು ಮರಗಳಿಗೆ ಸಿಂಪಡಿಸಿದರು. (ನಗಬೇಡಿ. ಹುಲಿಗೆ ಅದೇ ಕಾಗದ ಪತ್ರ. ಯಾರಿದ್ದಾರೆ, ಎಲ್ಲಿದ್ದಾರೆ ಅನ್ನೋದು ವಾಸನೆಯಲ್ಲೇ ತಿಳಿಯೋದು.) ಟಿ-3 ನಿಂತಿತು. 2010ರ ಏಪ್ರಿಲ್ 16ರಂದು ಟಿ-1 ನಾಲ್ಕು ಮರಿ ಹಾಕಿತು. ಪನ್ನಾದಲ್ಲಿ ಈಗಲೂ ಆ ತಾರೀಖಿನಲ್ಲಿ ಮರಿಗಳ ಹುಟ್ಟುಹಬ್ಬ ಮಾಡುತ್ತಾರೆ.

ಹುಲಿಯ ಹಿಂದೆ ಒಂದು ತಿಂಗಳು ತಪ್ಪದೆ ಹೋಗುವುದು ಹೇಗೆ? ಅದನ್ನು ವಿವರಿಸಲೇಬೇಕು. ಹುಲಿಯ ಕತ್ತಿಗೆ ಹಾಕುವ ಕಾಲರ್ ಅಂದರೆ ಒಂದು ದಪ್ಪ ಬೆಲ್ಟು. ಅದರಲ್ಲಿ ಬ್ಯಾಟರಿ ಮತ್ತು ಚಿಕ್ಕ ಟ್ರಾನ್ಸ್‌ಮಿಟರ್ ಇರುತ್ತದೆ. ಅದು ಪುಟ್ಟ ರೇಡಿಯೋ ಸ್ಟೇಷನ್ ಅಂತ ತಿಳಿಯಿರಿ. ಹಾಡಿಲ್ಲ, ವಾರ್ತೆಯಿಲ್ಲ, ಬರೀ ಟಿಕ್ ಟಿಕ್. ಪ್ರತಿ ಹುಲಿಗೂ ಬೇರೆ ಬೇರೆ ಸ್ಟೇಷನ್. ಹಿಂದೆ ಹೋಗುವವರ ಕೈಯಲ್ಲಿ ರಿಸೀವರ್ ಮತ್ತು ಹಿಂದೆ ಮನೆ ಮೇಲೆ ಇರುತ್ತಿದ್ದ ಟಿ.ವಿ. ಆಂಟೆನಾದ ಥರದ ಚಿಕ್ಕ ಆಂಟೆನಾ. ಅದನ್ನು ಎತ್ತಿ ಹಿಡಿದು ನಿಧಾನ ಸುತ್ತ ತಿರುಗಿಸಬೇಕು. ಯಾವ ಕಡೆಗೆ ಟಿಕ್ ಟಿಕ್ ಜೋರಾಗಿ ಕೇಳುತ್ತದೋ ಆ ಕಡೆಗೆ ಹುಲಿ.

ಆದರೆ ಎಷ್ಟು ದೂರ? ಅದು ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೆ ಎರಡು ತಂಡ ಎರಡು ಕಡೆ ನಿಲ್ಲುತ್ತವೆ. ಮೊದಲ ತಂಡ ನಕ್ಷೆಯಲ್ಲಿ ತಾನು ನಿಂತ ಜಾಗದಿಂದ ಸದ್ದು ಬಂದ ದಿಕ್ಕಿಗೆ ಒಂದು ಗೆರೆ ಎಳೆಯುತ್ತದೆ. ಎರಡನೇ ತಂಡವೂ ಹಾಗೇ ಎಳೆಯುತ್ತದೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ಹುಲಿ! ರೇಖಾಗಣಿತ ಏನಕ್ಕೆ ಉಪಯೋಗ ಅಂತ ಕೇಳುವವರು ನಮ್ಮ ತರಗತಿಯಲ್ಲಿ ಇದ್ದಾರೆ, ಹೆಸರು ಬರೆಯುವುದಿಲ್ಲ. ಒಂದು ಕಷ್ಟ ಏನೆಂದರೆ ಬೆಟ್ಟ ಅಡ್ಡ ಬಂದರೆ ಸದ್ದು ಸಿಗಲ್ಲ. ಪನ್ನಾದಲ್ಲಿ ಕಂದಕಗಳೇ ಜಾಸ್ತಿ. ಹುಲಿ ಕಂದಕಕ್ಕೆ ಇಳಿದರೆ ಸಿಬ್ಬಂದಿ ಬೆಟ್ಟ ಹತ್ತಬೇಕು. ಈಗ ಉಪಗ್ರಹದ ಮೂಲಕ ಜಾಗ ಹೇಳುವ ಕಾಲರ್‌ಗಳೂ ಬಂದಿವೆ, ಆದರೂ ಹಿಂದೆ ಹೋಗುವವರು ಹೋಗಲೇಬೇಕು.

ಮರಿಗಳಿಗೆ ಇಟ್ಟಿರುವ ಹೆಸರೂ ಒಂದು ಲೆಕ್ಕವೇ. ಮೊದಲ ಮರಿಯ ಹೆಸರು ಪಿ-111. ಪಿ ಅಂದರೆ ಪನ್ನಾ. ಮೊದಲ ಅಂಕಿ ತಾಯಿ (ಟಿ-1), ಎರಡನೆಯದು ಎಷ್ಟನೇ ಹೆರಿಗೆ, ಮೂರನೆಯದು ಎಷ್ಟನೇ ಮರಿ. ಹಾಗಾದರೆ ಪಿ-213 ಯಾರು? ಟಿ-2ರ ಮೊದಲ ಹೆರಿಗೆಯ ಮೂರನೇ ಮರಿ. ಹೆಸರು ಕೇಳಿದರೆ ಸಾಕು, ವಂಶಾವಳಿ ತಿಳಿಯುತ್ತದೆ.

2011ರಲ್ಲಿ ಇನ್ನೊಂದು ಪ್ರಯತ್ನ ಮಾಡಿದರು. ಕಾನ್ಹಾದಲ್ಲಿ ತಾಯಿ ಸತ್ತು, ಮನುಷ್ಯರ ಕೈಯಲ್ಲಿ ಬೇಲಿಯೊಳಗೆ ಬೆಳೆದ ಅಕ್ಕ ತಂಗಿ ಹುಲಿಗಳನ್ನು ತಂದು ಪನ್ನಾ ಕಾಡಿಗೆ ಬಿಟ್ಟರು. ಟಿ-4, ಟಿ-5. ಕೈಯಲ್ಲಿ ಬೆಳೆದ ಹುಲಿ ಬೇಟೆ ಕಲಿಯಲ್ಲ, ಊರಿಗೆ ನುಗ್ಗುತ್ತೆ ಅಂತ ಬಹಳ ಜನ ಹೇಳಿದ್ದರಂತೆ. ಟಿ-4 ಕಾಡಿನಲ್ಲಿ ಬೇಟೆ ಕಲಿತು ಅದೇ ವರ್ಷ ಮರಿಯನ್ನೂ ಹಾಕಿತು.

ಈಗ ನಾವು ಹೋದ ದಿನದ ವಿಷಯ. ಮಡ್ಲಾ ಎಂಬಲ್ಲಿ ಗೇಟು, ಕೇನ್ ನದಿಯ ಸೇತುವೆಯ ಹತ್ತಿರ. ಬೆಳಗಿನ ಜಾವ ಸಾಲಾಗಿ ಜಿಪ್ಸಿ ನಿಂತಿದ್ದವು. ಮೇಲೆ ಛಾವಣಿ ಇಲ್ಲ. ಪ್ರತಿ ಗಾಡಿಗೂ ಒಬ್ಬ ಗೈಡ್ ಕಡ್ಡಾಯ, ಎಲ್ಲ ಸುತ್ತಲ ಹಳ್ಳಿಯವರೇ. ನಮ್ಮ ಗೈಡ್ ಮಾತಾಡಿದ್ದು ಬುಂದೇಲಿ ಬೆರೆತ ಹಿಂದಿ, ಮಾವ ಅರ್ಥ ಹೇಳುತ್ತಾ ಬಂದರು. ಮಳೆಗಾಲ ಮುಗಿದು ಗೇಟು ತೆರೆದು ಕೆಲವೇ ದಿನ ಆಗಿತ್ತು. ಹುಲ್ಲು ಆಳೆತ್ತರ. ಆ ಹುಲ್ಲಿನಲ್ಲಿ ಹುಲಿ ಹತ್ತು ಮಾರು ದೂರ ಮಲಗಿದ್ದರೂ ಕಾಣಲ್ಲ ಅಂದರು ಗೈಡ್.

ಕಾಣಲೂ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ಹುಲಿ ನೋಡಲಿಲ್ಲ. ಕಡವೆ, ಜಿಂಕೆ, ಮುಸುವ, ಕುದುರೆಯಷ್ಟು ಎತ್ತರದ ನೀಲಗಾಯ್, ಒಂದು ಕರಡಿಯ ಬೆನ್ನು ನೋಡಿದೆ. ಒಂದು ಹಳ್ಳ ದಾಟುವಾಗ ಗೈಡ್ ಗಾಡಿ ನಿಲ್ಲಿಸಿ ಒದ್ದೆ ಮರಳು ತೋರಿಸಿದರು. ಹೆಜ್ಜೆ. ನನ್ನ ಅಂಗೈ ಬಿಡಿಸಿದಷ್ಟು ಅಗಲ. ನೀರು ಇನ್ನೂ ಅದರೊಳಗೆ ಜಿನುಗುತ್ತಿತ್ತು. ಅಷ್ಟರಲ್ಲಿ ಮೇಲಿನ ದಿಬ್ಬದಿಂದ ಕಡವೆ 'ಢಾಂಕ್' ಅಂತ ಕೂಗಿತು. ಜಿಪ್ಸಿಯಲ್ಲಿದ್ದ ಯಾರೂ ಉಸಿರೆತ್ತಲಿಲ್ಲ. ಹತ್ತು ನಿಮಿಷ ಕಾದೆವು. ಹುಲಿ ನಮ್ಮನ್ನು ನೋಡಿರುತ್ತದೆ, ಅದಂತೂ ಖಂಡಿತ.

ಸ್ವಲ್ಪ ಮುಂದೆ ದಾರಿ ಕೂಡುವ ಕಡೆ ಇಬ್ಬರು ನಿಂತಿದ್ದರು. ಖಾಕಿ ಬಟ್ಟೆ, ಒಬ್ಬರ ಕೈಯಲ್ಲಿ ಆಂಟೆನಾ. ನಾನು ಮೇಲೆ ಬರೆದದ್ದನ್ನು ಬಹಳಷ್ಟು ಅವರೇ ತೋರಿಸಿಕೊಟ್ಟದ್ದು. ನನ್ನ ಕಿವಿಗೂ ಟಿಕ್ ಟಿಕ್ ಕೇಳಿಸಿದರು. ಅವರ ಹತ್ತಿರ ಇದ್ದದ್ದು ಒಂದು ಕೋಲು, ನೀರಿನ ಬಾಟಲಿ, ಬುತ್ತಿ. ಹುಲಿ ನೋಡಲು ದುಡ್ಡು ಕೊಟ್ಟು ಬಂದ ನಾವು ಗಾಡಿಯಲ್ಲಿ, ದಿನಾ ಹುಲಿಯ ಹಿಂದೆ ಹೋಗುವ ಅವರು ಕಾಲ್ನಡಿಗೆಯಲ್ಲಿ!

ಹಿನೌತಾ ಎಂಬ ಕಡೆ ಆನೆ ಶಿಬಿರ ಇದೆ. ಹುಲಿ ಹುಡುಕಲು ಆನೆ ಬೇಕೇ ಬೇಕು. ಅಲ್ಲಿ ವತ್ಸಲಾ ಎಂಬ ಅಜ್ಜಿ ಆನೆ ಇತ್ತು. ಕೇರಳದ ನಿಲಂಬೂರು ಕಾಡಿನಿಂದ ಬಂದದ್ದು. ನೂರು ವರ್ಷ ದಾಟಿದೆ ಅಂತ ಹೇಳುತ್ತಿದ್ದರು, ಆದರೆ ಹುಟ್ಟಿದ ದಾಖಲೆ ಇರಲಿಲ್ಲ. ನಾವು ಹೋಗುವ ಮೂರು ತಿಂಗಳ ಮುಂಚೆ, 2025ರ ಜುಲೈನಲ್ಲಿ ಸತ್ತುಹೋಯಿತು. ಬೇರೆ ಆನೆಗಳ ಮರಿಗಳನ್ನು ಅದೇ ಸಾಕುತ್ತಿತ್ತಂತೆ.

ಪಾರ್ದಿಗಳ ವಿಷಯವನ್ನೂ ಹೇಳಬೇಕು. ಇವರು ತಲೆತಲಾಂತರದಿಂದ ಬೇಟೆಯವರು, ನಮ್ಮಲ್ಲಿ ಹಕ್ಕಿಪಿಕ್ಕಿ ಜನ ಇದ್ದ ಹಾಗೆ. ಬ್ರಿಟಿಷರು ಇವರನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿದ್ದರು. ಪನ್ನಾದಲ್ಲಿ ಹುಲಿ ಹೋದಾಗಲೂ ಎಲ್ಲರ ಬೆರಳು ಇವರ ಕಡೆಗೇ. ಆಮೇಲೆ ಇವರ ಮಕ್ಕಳಿಗೆ ವಸತಿ ಶಾಲೆ ಮಾಡಿದರು. ಕೆಲವು ಪಾರ್ದಿ ಯುವಕರು ಈಗ ಪ್ರವಾಸಿಗರನ್ನು ಕಾಡಂಚಿನಲ್ಲಿ ನಡೆಸಿಕೊಂಡು ಹೋಗಿ ಹೆಜ್ಜೆ ಓದುವುದು, ಹಕ್ಕಿ ಕೂಗು ಕೂಗುವುದು ತೋರಿಸುತ್ತಾರೆ. ಬೇಟೆಗೆ ಕಲಿತ ವಿದ್ಯೆಯೇ ಅದು. ಎಲ್ಲರಿಗೂ ಕೆಲಸ ಸಿಕ್ಕಿದೆ ಅಂತ ನಾನು ಹೇಳುವುದಿಲ್ಲ. ಒಬ್ಬರ ವಿದ್ಯೆಯನ್ನು ಕಸಿದುಕೊಳ್ಳದೆ ಅದಕ್ಕೇ ಕೂಲಿ ಕೊಟ್ಟದ್ದು ನನಗೆ ಹಿಡಿಸಿತು.

ಇನ್ನು ಅಜ್ಜಿಯ ಪ್ರಶ್ನೆ. ಅಲ್ಲಿಯೂ ದನಕರ ಇದೆ, ಹುಲಿ ಹಿಡಿಯುತ್ತದೆ, ಪರಿಹಾರ ಕೊಡುತ್ತಾರೆ. ಉದ್ಯಾನದೊಳಗೆ ಇದ್ದ ಹಲವು ಊರುಗಳನ್ನು ಎತ್ತಿಸಿದ್ದಾರೆ. ಹುಲಿ ಕಾಡಿನಿಂದ ಹೊರಗೆ ಹೋಗುವ ಕುಟುಂಬಕ್ಕೆ ಸರ್ಕಾರ ಗೊತ್ತು ಮಾಡಿದ ಮೊತ್ತ ಮೊದಲು 10 ಲಕ್ಷ ಇತ್ತು, 2021ರಿಂದ 15 ಲಕ್ಷ. ಹುಟ್ಟಿದೂರಿಗೆ ಅದು ಬೆಲೆಯೇ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಗೇಟಿನ ದುಡ್ಡಿನಲ್ಲಿ ಒಂದು ಪಾಲು ಸುತ್ತಲ ಹಳ್ಳಿಗಳ ಸಮಿತಿಗಳಿಗೆ ಹೋಗುತ್ತದೆ. ಗೈಡ್, ಡ್ರೈವರ್, ಹುಲಿ ಹಿಂದೆ ಹೋಗುವವರು ಎಲ್ಲ ಅಲ್ಲಿಯವರೇ. ಜನರ ಬೆಂಬಲದಿಂದಲೇ ಹುಲಿ ಸಂರಕ್ಷಣೆ ಅಂತ ಮೂರ್ತಿಯವರ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಹುಲಿ ಇಲ್ಲದಿದ್ದಾಗ ಗೇಟಿಗೆ ಯಾರು ಬರುತ್ತಿದ್ದರು? ಇದನ್ನು ಹೇಳಿದಾಗ ಅಜ್ಜಿ ಪೂರ್ತಿ ಒಪ್ಪಲಿಲ್ಲ. ಅವರ ಗೌರಿ ಹಸು ಹುಲಿಗೆ ಹೋಗಿ ಎರಡು ವರ್ಷ ಆಗಿದೆ ಅಷ್ಟೆ.

ಆದರೆ ಇನ್ನೊಂದು ವಿಷಯ ಹೇಳಿದಾಗ ಅಜ್ಜಿ ಸುಮ್ಮನಾದರು. 2021ರ ಮೇ ತಿಂಗಳಲ್ಲಿ ಪನ್ನಾದಲ್ಲಿ ಒಂದು ತಾಯಿ ಹುಲಿ ಸತ್ತಿತು. ಅದಕ್ಕೆ ನಾಲ್ಕು ಮರಿ, ಬೇಟೆ ಇನ್ನೂ ಕಲಿತಿರಲಿಲ್ಲ. ಸಾಮಾನ್ಯವಾಗಿ ಗಂಡು ಹುಲಿ ಮರಿ ಸಾಕುವುದಿಲ್ಲ. ಹಿಡಿದು ಬೋನಿಗೆ ಹಾಕಬೇಕೇ, ಕಾಡಿನಲ್ಲೇ ಬಿಡಬೇಕೇ ಅಂತ ಯೋಚಿಸುತ್ತಿದ್ದಾಗ ಪಿ-243 ಎಂಬ ಗಂಡು, ಮರಿಗಳ ತಂದೆ, ಅವುಗಳ ಸುತ್ತಮುತ್ತಲೇ ಓಡಾಡಲು ಶುರು ಮಾಡಿತು. ಬೇಟೆಯನ್ನು ಮರಿಗಳಿಗೂ ಬಿಟ್ಟಿತು. ಸಿಬ್ಬಂದಿ ಮರಿಗಳನ್ನು ಮುಟ್ಟದೆ ದೂರದಿಂದ ಕಾದರು. ಮರಿಗಳು ಬದುಕಿಕೊಂಡವು.

2025ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯಲ್ಲಿ, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿ ಒಟ್ಟಿಗೆ ಸತ್ತವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಅಲ್ಲೂ ನಾಲ್ಕು, ಇಲ್ಲೂ ನಾಲ್ಕು. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ, ಮಧ್ಯಪ್ರದೇಶಕ್ಕೆ 785. ಪನ್ನಾ ಒಂದರಲ್ಲೇ ಈಗ 50ಕ್ಕೂ ಹೆಚ್ಚು, 2009ರಲ್ಲಿ ಸೊನ್ನೆ ಇದ್ದ ಕಾಡಿನಲ್ಲಿ. ಆ ಸೊನ್ನೆಗೆ ಮುಂಚೆ ಅವರೂ ನಮ್ಮಲ್ಲಿ ಬೇಕಾದಷ್ಟು ಇವೆ ಅಂತಲೇ ಹೇಳುತ್ತಿದ್ದರು.

ಪನ್ನಾಕ್ಕೆ ಈಗ ಬೇರೆ ಚಿಂತೆ ಬಂದಿದೆ. ಕೇನ್ ನದಿಯ ನೀರನ್ನು ಬೆಟ್ವಾ ನದಿಗೆ ಸೇರಿಸುವ ಯೋಜನೆಗೆ 2024ರ ಡಿಸೆಂಬರ್ 25ರಂದು ಶಂಕುಸ್ಥಾಪನೆ ಆಯಿತು. ದೌಧನ್ ಎಂಬಲ್ಲಿ ಅಣೆಕಟ್ಟು, ಅದು ಹುಲಿ ಕಾಡಿನ ಒಳಗೇ. ಕಾಡಿನ ಒಂದು ಭಾಗ, ಲಕ್ಷಗಟ್ಟಲೆ ಮರ, ಕೆಲವು ಊರು ಮುಳುಗುತ್ತವೆ. ಬುಂದೇಲ್‌ಖಂಡದಲ್ಲಿ ಕುಡಿಯುವ ನೀರಿಗೆ ಎಷ್ಟು ಕಷ್ಟ ಅಂತಲೂ ಮಾವ ಹೇಳಿದರು, ಅದು ಸುಳ್ಳಲ್ಲ. ಟಿ-3 ದಕ್ಷಿಣಕ್ಕೆ ಹೋದಂತೆ ಈಗಿನ ಎಳೆಯ ಹುಲಿಗಳೂ ಹೊಸ ಜಾಗ ಹುಡುಕಿಕೊಂಡು ಸತನಾ, ಚಿತ್ರಕೂಟದ ಕಾಡುಗಳ ಕಡೆ ಹೋಗುತ್ತಿವೆ. ಆ ದಾರಿ ಉಳಿಯಬೇಕು.

ಹೋಗುವವರಿಗೆ: ಗೇಟು ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಜೂನ್ ಕೊನೆಗೆ ಮುಚ್ಚುತ್ತದೆ. ಬುಧವಾರ ಮಧ್ಯಾಹ್ನ ಗಾಡಿ ಬಿಡುವುದಿಲ್ಲ. ಹುಲಿ ನೋಡಲೇಬೇಕು ಅನ್ನುವವರು ಹುಲ್ಲು ಒಣಗಿ ನೀರು ಕಡಿಮೆಯಾಗುವ ಏಪ್ರಿಲ್, ಮೇನಲ್ಲಿ ಹೋಗಿ, ಆದರೆ ಬಿಸಿಲು ತಡೆಯಲು ಟವೆಲ್ಲು ಬೇಕು. ಖಜುರಾಹೋದಿಂದ ಒಂದು ಗಂಟೆ ಒಳಗೆ ಮಡ್ಲಾ ಸಿಗುತ್ತದೆ. ಚಿತ್ರ ಬರೆಯಲು ಈ ಹಾಳೆಯಲ್ಲಿ ಜಾಗ ಉಳಿಯಲಿಲ್ಲ, ಹೆಜ್ಜೆಯ ಅಳತೆಯನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಬೇಕಾದವರು ಬಂದು ನೋಡಿ.

- 9ನೇ ತರಗತಿ, 'ಬಿ' ವಿಭಾಗ